ತಜ್ಞರ ಉತ್ತರ: ‘ನಿಜ ಹೇಳಿದೆ, ಹುಡುಗ ರಚನೆಯನ್ನೇ ಅಳಿಸಿಬಿಟ್ಟ’

ಪ್ರಶ್ನೆ: ನಾನು ರಾಣೆಬೆನ್ನೂರಿನ ಪ್ರೌಢಶಾಲಾ ಶಿಕ್ಷಕಿ. ಚಿಕ್ಕಂದಿನಿಂದ ಹಾರ್ಮೋನಿಯಂ ಮತ್ತು ಹಿಂದುಸ್ತಾನಿ ಗಾಯನ ಕಲಿತಿದ್ದೇನೆ. ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಕೆಲವು ಹವ್ಯಾಸಿಗಳು ತಾವೇ ರಚಿಸಿದ ವಾದ್ಯಸಂಗೀತವನ್ನು ಮೊಬೈಲಿನಲ್ಲಿ ಪರಸ್ಪರ ಕಳಿಸಿ ಅಭಿಪ್ರಾಯ ಕೇಳುತ್ತಾರೆ. ನಾನೂ ಅವರಲ್ಲಿ ಒಬ್ಬಳು. ಈಚೆಗೆ ಹುಬ್ಬಳ್ಳಿಯ ಯುವಕನೊಬ್ಬ ಉಣಕಲ್ ಕೆರೆಯ ಸಂಜೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಆರು ನಿಮಿಷದ ರಚನೆಯೊಂದನ್ನು ಕಳಿಸಿದ್ದ. ತಾನ್ಪುರ, ಕೊಳಲು, ತಬಲಾ, ಕೀಬೋರ್ಡ್ ಎಲ್ಲವೂ ಫೋನಿನ ಆ್ಯಪ್‌ನಿಂದಲೇ ಬಂದವು. ಉಳಿದವರು ‘ಸೂಪರ್’, ‘ಭಾಳ ಚಲೋ ಐತಿ’ ಎಂದು ಬರೆದು ಸುಮ್ಮನಾದರು. ನಾನು ಗಮನವಿಟ್ಟು ಕೇಳಿ ಉದ್ದನೆಯ ಉತ್ತರ ಬರೆದೆ: ಗಾಂಧಾರ ಏರಿದೆ, ಸ್ವರಜ್ಞಾನ ಸಾಲದು, ಯಮನ್‌ನಲ್ಲಿ ಶುದ್ಧ ಮಧ್ಯಮ ಬಂದು ರಾಗ ಕೆಟ್ಟಿದೆ, ತಬಲಾ ಯಂತ್ರದಂತಿದೆ, ಕೊಳಲು ಕೊಳಲಿನಂತಿಲ್ಲ, ಕೆಳಗಿನ ನಾದವೇ ಇಲ್ಲ, ನಡುವೆ ಬೇಸರವಾಗುತ್ತದೆ. ಮರುದಿನವೇ ಆತ ರಚನೆಯನ್ನು ಅಳಿಸಿಬಿಟ್ಟ. ಆಮೇಲೆ ಏನನ್ನೂ ಕಳಿಸಿಲ್ಲ. ನಿಜ ಹೇಳಿದ್ದು ತಪ್ಪೇ? ಪಾಶ್ಚಾತ್ಯ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಗಂಧವಿಲ್ಲದ ನನಗೆ ಇಂಥ ರಚನೆಗಳ ಬಗ್ಗೆ ಮಾತಾಡುವ ಅರ್ಹತೆ ಇದೆಯೇ? ಅಥವಾ ಇನ್ನು ಮುಂದೆ ನಾನೂ ‘ಸೂಪರ್’ ಎಂದು ಸುಮ್ಮನಿರಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಅಳಕುಗಳಿವೆ. ಒಂದು, ಎಳೆಯ ಮನಸ್ಸೊಂದನ್ನು ನೋಯಿಸಿದೆನೇ ಎಂಬುದು. ಇನ್ನೊಂದು, ನೋಯಿಸಬಾರದೆಂದರೆ ಸುಳ್ಳು ಹೇಳಲೇಬೇಕೇ ಎಂಬುದು. ಧಾರವಾಡದಲ್ಲಿ ವಾದ್ಯ ಕಲಿಸುತ್ತ, ವಿದ್ಯಾರ್ಥಿಗಳ ಸ್ವಂತ ರಚನೆಗಳನ್ನು ಅವರೊಂದಿಗೆ ಕುಳಿತು ಕೇಳುತ್ತ ಬಂದಿರುವ ನನಗೆ ನಿಮ್ಮ ಎಲ್ಲ ಮಾತುಗಳನ್ನು ಓದಿದಾಗ ಅನ್ನಿಸಿದ್ದು ಇಷ್ಟು: ನಿಮ್ಮ ಕಿವಿ ಕೇಳಿದ್ದು ಬಹುಮಟ್ಟಿಗೆ ಸರಿಯಾಗಿದೆ, ಆದರೆ ಕೇಳಿದ್ದರಿಂದ ನೀವು ತೆಗೆದ ತೀರ್ಮಾನಗಳು ಹಲವು ಕಡೆ ದಾರಿ ತಪ್ಪಿವೆ. ಆ ಯುವಕನಿಗೆ ತಲುಪಿದ್ದು ನಿಮ್ಮ ತೀರ್ಮಾನಗಳು ಮಾತ್ರ. ನಿಮ್ಮ ಕಿವಿ ಕೇಳಿದ್ದು ಅವನಿಗೆ ತಲುಪಲೇ ಇಲ್ಲ. ಆದ್ದರಿಂದ ಸತ್ಯ ಹೇಳಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಸದ್ಯ ಬದಿಗಿಟ್ಟು ನಿಮ್ಮ ಆಕ್ಷೇಪಗಳನ್ನೇ ಹತ್ತಿರದಿಂದ ನೋಡೋಣ.

ಮೊದಲು ಗಾಂಧಾರ, ಅಂದರೆ ‘ಗ’ ಸ್ವರ. ತಾನ್ಪುರದ ಷಡ್ಜದ (‘ಸ’ ಸ್ವರದ) ತಂತಿಯನ್ನು ಮೀಟಿದಾಗ ಅದರ ಉಪನಾದಗಳಲ್ಲಿ, ಮೂಲನಾದವನ್ನೇ ಒಂದೆಂದು ಎಣಿಸಿದರೆ, ಐದನೆಯದು ಎರಡು ಸಪ್ತಕ ಮೇಲಿನ ಶುದ್ಧ ಗಾಂಧಾರವಾಗಿರುತ್ತದೆ. ನಮ್ಮ ಕಡೆಯ ಗಾಯಕರ ಕಿವಿ ಪಳಗಿರುವುದು ಈ ಸಹಜ ಗಾಂಧಾರಕ್ಕೇ. ಒಂದು ಸಪ್ತಕವನ್ನು, ಅಂದರೆ ‘ಸ’ದಿಂದ ಮೇಲಿನ ‘ಸ’ದವರೆಗಿನ ಹರವನ್ನು, 1200 ಸೆಂಟ್‌ಗಳಾಗಿ ಭಾಗಿಸಿ ಅಳೆಯುವುದಾದರೆ ಆ ಗಾಂಧಾರ ಷಡ್ಜದಿಂದ ಸುಮಾರು 386 ಸೆಂಟ್ ಮೇಲಿದೆ. ಕೀಬೋರ್ಡಿನಲ್ಲಿಯೂ ಫೋನಿನ ಆ್ಯಪ್‌ಗಳಲ್ಲಿಯೂ ಸಪ್ತಕವನ್ನು ಸರಿಸಮನಾದ ಹನ್ನೆರಡು ಭಾಗ ಮಾಡಿರುತ್ತಾರಾದ್ದರಿಂದ ಅಲ್ಲಿನ ಗಾಂಧಾರ 400 ಸೆಂಟ್‌ಗೆ ನಿಲ್ಲುತ್ತದೆ. ಸುಮಾರು 14 ಸೆಂಟ್‌ಗಳ ಈ ಅಂತರ ತಾನ್ಪುರವಿಲ್ಲದ ಸಂಗೀತದಲ್ಲಿ ಯಾರನ್ನೂ ಕಾಡುವುದಿಲ್ಲ; ಸಹಜ ಶ್ರುತಿಗೆ ಕೂಡಿಸಿದ ತಾನ್ಪುರದ ಮೇಲೆ ಅದೇ ಗಾಂಧಾರವನ್ನು ನಿಲ್ಲಿಸಿ ನುಡಿಸಿದಾಗ ಎರಡು ನಾದಗಳೂ ಪರಸ್ಪರ ತಿಕ್ಕಾಡಿ ಒಂದು ಬಗೆಯ ಕಂಪನ ಏಳುತ್ತದೆ. ಗಾಂಧಾರ ಏರಿದೆ ಎಂದು ನೀವು ಹೇಳಿದ್ದು ಈ ಅರ್ಥದಲ್ಲಿ ನೂರಕ್ಕೆ ನೂರು ನಿಜ. ಆದರೆ ‘ಸ್ವರಜ್ಞಾನ ಸಾಲದು’ ಎಂಬ ಮುಂದಿನ ಮಾತಿಗೆ ಅದರಲ್ಲಿ ಯಾವ ಆಧಾರವೂ ಇಲ್ಲ, ಏಕೆಂದರೆ ಆ ಸ್ವರದ ಎತ್ತರವನ್ನು ನಿರ್ಧರಿಸಿದ್ದು ಆ್ಯಪ್.

ಹಾರ್ಮೋನಿಯಂ ನುಡಿಸುವ ನಿಮಗೆ ಇದು ಬೇಗ ಅರ್ಥವಾಗಬೇಕು. ಸ್ಥಿರಸ್ವರದ ವಾದ್ಯ, ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬಾರದ ವಾದ್ಯ ಎಂಬ ಇಂಥದೇ ಆಕ್ಷೇಪಗಳಿಂದ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. ಆ ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ಆ ಕಾಲದುದ್ದಕ್ಕೂ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳು ಅದೇ ಹಾರ್ಮೋನಿಯಂ ನುಡಿಸುತ್ತಿದ್ದರು, ಕಲಿಸುತ್ತಿದ್ದರು. ವಾದ್ಯದ ಮಿತಿಯನ್ನು ವಾದಕನ ಮಿತಿಯೆಂದು ಎಣಿಸಬಾರದೆಂಬುದು ಹಾರ್ಮೋನಿಯಂ ಹಿಡಿದವರಿಗೆ ಯಾರೂ ಬಿಡಿಸಿ ಹೇಳಬೇಕಾದ ವಿಷಯವಲ್ಲ.

ಹಾಗಾದರೆ ಏನು ಹೇಳಬಹುದಿತ್ತು? ‘ಕೊಳಲು ಗಾಂಧಾರದ ಮೇಲೆ ನಿಂತಾಗಲೆಲ್ಲ ತಾನ್ಪುರದೊಂದಿಗೆ ಕೂಡದೆ ನನ್ನ ಕಿವಿಗೆ ಎಳೆದಂತಾಯಿತು, ನಿಮ್ಮ ಆ್ಯಪ್‌ನಲ್ಲಿ ಒಂದೊಂದೇ ಸ್ವರದ ಶ್ರುತಿ ಇಳಿಸಲು ಬರುತ್ತದೆಯೇ?’ ಎಂದು ಕೇಳಬಹುದಿತ್ತು. ಬರುವುದಾದರೆ ಆತ ಗಾಂಧಾರವನ್ನು 14 ಸೆಂಟ್ ಇಳಿಸಿ ನೋಡುತ್ತಾನೆ. ಅದರಲ್ಲೂ ಒಂದು ತೊಡಕಿದೆ: ಕೀಬೋರ್ಡಿನ ಕಾರ್ಡ್‌ಗಳು ಆ ಗಾಂಧಾರವನ್ನೇ ಮೂಲವಾಗಿ ಹಿಡಿದು ಬರುವಲ್ಲಿ ಇಳಿಸಿದ ಸ್ವರ ಬೇರೊಂದು ಕಡೆ ಹೊಂದದೆ ಹೋಗಬಹುದು. ಆಗ ತಾನ್ಪುರದ ಧ್ವನಿಯನ್ನು ತಗ್ಗಿಸುವುದೋ, ಗಾಂಧಾರದ ಮೇಲೆ ನಿಲ್ಲುವ ಹೊತ್ತನ್ನು ಕಡಿಮೆ ಮಾಡುವುದೋ, ಆ ತಿಕ್ಕಾಟವನ್ನೇ ಇಟ್ಟುಕೊಳ್ಳುವುದೋ ಎಂಬುದನ್ನು ಆತನೇ ನಿರ್ಧರಿಸಬೇಕು. ರಚನೆ ಅವನದು.

ಎರಡನೆಯದು ಯಮನ್, ಅಂದರೆ ‘ಮ’ ಸ್ವರದ ಏರಿದ (ತೀವ್ರ) ರೂಪವನ್ನಷ್ಟೇ ಬಳಸುವ ರಾಗ. ಆ ಯುವಕ ತನ್ನ ರಚನೆಯನ್ನು ಯಮನ್ ಎಂದು ಕರೆದನೆಂದು ನೀವು ಎಲ್ಲಿಯೂ ಬರೆದಿಲ್ಲ. ಕೆರೆಯ ಸಂಜೆ ಎಂದಷ್ಟೇ ಹೇಳಿದ್ದಾನೆ. ತೀವ್ರ ಮಧ್ಯಮವನ್ನೂ ‘ನಿ ರೆ ಗ’ ಎಂಬ ಏರಿಕೆಯನ್ನೂ ಕೇಳಿದೊಡನೆ ನಮ್ಮಂಥವರು ಯಮನ್ ಎಂದು ಹೆಸರಿಟ್ಟುಬಿಡುತ್ತೇವೆ, ಆಮೇಲೆ ನಾವೇ ಇಟ್ಟ ಹೆಸರಿಗೆ ಸಲ್ಲದ ಸ್ವರ ಬಂದರೆ ರಾಗ ಕೆಟ್ಟಿತೆನ್ನುತ್ತೇವೆ. ರಾಗದ ಹೆಸರು ಹೇಳಿ ಕಳಿಸಿದ್ದರೆ ನಿಮ್ಮ ಆಕ್ಷೇಪಕ್ಕೆ ಪೂರ್ತಿ ತೂಕವಿರುತ್ತಿತ್ತು. ಆಗಲೂ ಯಮನ್ ಕಲ್ಯಾಣದಲ್ಲಿ ಎರಡೂ ಮಧ್ಯಮಗಳು ಬರುವುದನ್ನು ನೆನೆದು ‘ಇದನ್ನು ಬೇಕೆಂದೇ ತಂದಿರಾ?’ ಎಂದು ಮೊದಲು ಕೇಳುವುದೇ ವಾಸಿ. ಸ್ವತಂತ್ರ ರಚನೆಯಲ್ಲಿ ರಾಗನಿಯಮ ಒಂದು ಆಯ್ಕೆ, ಅದನ್ನು ಒಪ್ಪಿಕೊಂಡವರ ಮೇಲಷ್ಟೇ ಅದರ ಹಿಡಿತ.

ಕೆಳಗಿನ ನಾದವೇ ಇಲ್ಲ ಎಂಬ ಮಾತನ್ನು ನೀವು ಯಾವುದರಲ್ಲಿ ಕೇಳಿ ಬರೆದಿರಿ ಎಂದು ತಿಳಿಯದು. ಫೋನಿನ ಪುಟ್ಟ ಸ್ಪೀಕರಿನಲ್ಲಿಯಾದರೆ ಸುಮಾರು 200–300 ಹರ್ಟ್ಜ್‌ಗಿಂತ ಕೆಳಗಿನ ನಾದ ಹೆಚ್ಚುಕಡಿಮೆ ಹೊರಬರುವುದೇ ಇಲ್ಲ. ತಬಲಾ ಜೋಡಿಯ ಎಡಗೈ ವಾದ್ಯವಾದ ಡಗ್ಗದ ಗುಂಕಾರ, ತಾನ್ಪುರದ ಅತಿ ಕೆಳಗಿನ ಖರಜದ ತಂತಿಯ ಮೂಲನಾದ ಎಲ್ಲವೂ ಅಲ್ಲಿ ಕಳೆದುಹೋಗುತ್ತವೆ. ಕಿವಿಗೆ ಹಾಕುವ ಸಾಧಾರಣ ಇಯರ್‌ಫೋನಿನಲ್ಲಿ ಮತ್ತೊಮ್ಮೆ ಕೇಳದೆ ಈ ಬಗೆಯ ಮಾತು ಬರೆಯಬಾರದು. ಹಾಗೆಯೇ ಧ್ವನಿ ಸಂದೇಶವಾಗಿ ಬಂದ ಸಂಗೀತ ಬಹಳ ಸಂಕುಚಿತಗೊಂಡು ಬರುವುದರಿಂದ ಕಡತವನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಕೇಳಿಕೊಳ್ಳಿ. ಇನ್ನೊಂದು ಎಚ್ಚರವೂ ಬೇಕು. ಒಂದೇ ತುಣುಕನ್ನು ಕೊಂಚ ಜೋರಾಗಿ ಕೇಳಿದಾಗ ಅದೇ ಉತ್ತಮವೆಂದು ಮನುಷ್ಯನ ಕಿವಿಗೆ ತೋರುವುದು ಧ್ವನಿಮುದ್ರಣದವರಿಗೆಲ್ಲ ಗೊತ್ತಿರುವ ಸಂಗತಿ. ಇಬ್ಬರ ರಚನೆಗಳನ್ನು ಹೋಲಿಸುವ ಮುನ್ನ ಎರಡರ ಧ್ವನಿಮಟ್ಟವನ್ನು ಸಮ ಮಾಡಿಕೊಳ್ಳಿ.

ತಬಲಾ ಯಂತ್ರದಂತಿದೆ, ಕೊಳಲು ಕೊಳಲಿನಂತಿಲ್ಲ ಎಂಬ ಎರಡೂ ದೂರುಗಳ ಬೇರು ಒಂದೇ. ಆ್ಯಪ್‌ನಲ್ಲಿ ಪ್ರತಿ ಪೆಟ್ಟಿನ ಬಲಕ್ಕೆ 1ರಿಂದ 127ರವರೆಗಿನ ಒಂದು ಸಂಖ್ಯೆ ಇರುತ್ತದೆ. ಬೆರಳಿನಿಂದ ಪರದೆಯ ಮೇಲೆ ಬರೆದ ಬೋಲುಗಳೆಲ್ಲ (ತಬಲಾದ ಪೆಟ್ಟುಗಳೆಲ್ಲ) ಸಾಮಾನ್ಯವಾಗಿ ಒಂದೇ ಸಂಖ್ಯೆ ಪಡೆದು ಒಂದೇ ಬಲದಲ್ಲಿ ಬೀಳುತ್ತವೆ. ಕ್ವಾಂಟೈಸ್ ಎಂಬ ಸೌಲಭ್ಯ ಅವನ್ನು ಮಾತ್ರೆಯ ಗೆರೆಗೆ ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಕೂರಿಸುತ್ತದೆ. ಕೈಯಿಂದ ನುಡಿಸಿದ ಠೇಕಾದಲ್ಲಿ (ತಾಳದ ಮೂಲ ನಡೆಯಲ್ಲಿ) ಸಮ್‌ನ (ತಾಳದ ಮೊದಲ ಮಾತ್ರೆಯ) ಪೆಟ್ಟಿಗೂ ಖಾಲಿಯ (ಹಗುರ ಮಾತ್ರೆಯ) ಪೆಟ್ಟಿಗೂ ಇರುವ ತೂಕದ ವ್ಯತ್ಯಾಸ ಇದರಲ್ಲಿ ಅಳಿಸಿಹೋಗುತ್ತದೆ. ಕೊಳಲಿನ ವಿಷಯವೂ ಹಾಗೆಯೇ: ಸ್ವರದಿಂದ ಸ್ವರಕ್ಕೆ ಜಾರುವ ಪಿಚ್ ಬೆಂಡ್ ಸೌಲಭ್ಯ ಹಲವು ಸಾಫ್ಟ್‌ವೇರ್ ವಾದ್ಯಗಳಲ್ಲಿ ಮೊದಲಿಗೆ ಎರಡು ಅರ್ಧಸ್ವರಗಳಷ್ಟಕ್ಕೇ ಸೀಮಿತವಾಗಿರುತ್ತದೆ, ಅದನ್ನು ಹಿಗ್ಗಿಸಬಹುದೆಂದು ಹೊಸಬರಿಗೆ ಯಾರೂ ಹೇಳಿರುವುದಿಲ್ಲ. ‘ಯಂತ್ರದಂತಿದೆ’ ಎಂದಾಗ ಹುಡುಗನಿಗೆ ಮಾಡಲು ಏನೂ ಉಳಿಯದು. ‘ಸಮ್‌ನ ಪೆಟ್ಟನ್ನು ಹೆಚ್ಚಿಸಿ ಖಾಲಿಯ ಬೋಲುಗಳನ್ನು ತಗ್ಗಿಸಿ ಒಂದು ಆವರ್ತನ (ತಾಳದ ಒಂದು ಸುತ್ತು) ಮಾತ್ರ ಮಾಡಿ ನೋಡಿ’ ಎಂದಾಗ ಅಂದು ರಾತ್ರಿಯೇ ಕೂತು ಮಾಡಬಹುದಾದ ಕೆಲಸ ಸಿಗುತ್ತದೆ.

ಈಗ ನೀವು ಕೊನೆಯಲ್ಲಿ, ಎರಡೇ ಪದಗಳಲ್ಲಿ ಮುಗಿಸಿದ ಆಕ್ಷೇಪಕ್ಕೆ ಬರುತ್ತೇನೆ: ನಡುವೆ ಬೇಸರ. ನನ್ನ ಮಟ್ಟಿಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಮಾತು ಇದು, ಏಕೆಂದರೆ ಇದೊಂದನ್ನು ರಚಿಸಿದವನು ಎಷ್ಟು ಪರಿಶ್ರಮಪಟ್ಟರೂ ತಾನಾಗಿ ತಿಳಿಯಲಾರ. ತನ್ನ ತುಣುಕನ್ನು ನೂರಾರು ಬಾರಿ ಕೇಳಿರುವವನಿಗೆ ಮೊದಲ ಬಾರಿ ಕೇಳುವವರ ಕಿವಿ ಮರಳಿ ಬರುವುದಿಲ್ಲ. ಶ್ರುತಿಯನ್ನು ಯಂತ್ರ ಅಳೆದು ಹೇಳೀತು, ಲಯವನ್ನು ಪರದೆಯ ಮೇಲೆ ಕಾಣಬಹುದು. ಗಮನ ಎಲ್ಲಿ ಜಾರಿತೆಂಬುದನ್ನು ಹೇಳಲು ಮಾತ್ರ ಮತ್ತೊಬ್ಬ ಮನುಷ್ಯನೇ ಬೇಕು.

ನಮ್ಮ ಬೈಠಕ್‌ಗಳಲ್ಲಿ ಈ ಕೆಲಸ ತಾನಾಗಿ ನಡೆಯುತ್ತದೆ. ಸಿತಾರ್ ವಾದಕ ರಹಿಮತ್ ಖಾನರ ಕಾಲದಿಂದ ಆ ವಾದ್ಯ ಬೇರೂರಿದ ಧಾರವಾಡದಲ್ಲಿ ಒಂದು ಗತ್ (ವಾದ್ಯಕ್ಕೆಂದು ಕಟ್ಟಿದ ರಚನೆ) ನುಡಿಸುವಾಗ ಎದುರು ಕುಳಿತವರ ಕತ್ತು ಎಲ್ಲಿ ಅಲುಗಿತು, ‘ವಾಹ್’ ಯಾವ ತಿಹಾಯಿಗೆ (ಮೂರು ಬಾರಿ ನುಡಿಸುವ ಮುಕ್ತಾಯಕ್ಕೆ) ಬಂತು, ಯಾವ ಹೊತ್ತಿನಲ್ಲಿ ಹಿಂದಿನ ಸಾಲಿನವರು ಮಿಸುಕಾಡಿದರು ಎಂಬುದು ವಾದಕನಿಗೆ ಆ ಕ್ಷಣದಲ್ಲೇ ತಿಳಿಯುತ್ತದೆ. ಅಲ್ಲಿಯ ‘ವಾಹ್’ ಕೂಡ ಒಂದೇ ಪದ, ಮೊಬೈಲಿನ ‘ಸೂಪರ್’ ಕೂಡ ಒಂದೇ ಪದ. ಮೊದಲನೆಯದಕ್ಕೆ ಒಂದು ಜಾಗವಿದೆ, ಎರಡನೆಯದಕ್ಕೆ ಇಲ್ಲ. ಫೋನಿನಲ್ಲಿ ಬಂದ ಕಡತವನ್ನು ಕೇಳಿ ಮುಗಿಸಿ ಅರ್ಧ ದಿನದ ನಂತರ ಬರೆಯುವ ಅಭಿಪ್ರಾಯ, ಹೊಗಳಿಕೆಯಾಗಲಿ ಟೀಕೆಯಾಗಲಿ, ಆ ಜಾಗವನ್ನು ಕಳೆದುಕೊಂಡಿರುತ್ತದೆ. ಹಾಡಿನಲ್ಲಾದರೆ ಸಾಹಿತ್ಯದ ಸಾಲನ್ನು ಹಿಡಿದು ತೋರಿಸಬಹುದು. ವಾದ್ಯಸಂಗೀತದಲ್ಲಿ ಆ ಆಸರೆಯೂ ಇಲ್ಲ. ಆದ್ದರಿಂದ ನಿಮಿಷ ಮತ್ತು ಸೆಕೆಂಡನ್ನು ಗುರುತು ಹಾಕಿಕೊಂಡು ಕೇಳಿ. ಮೊದಲ ಬಾರಿ ಕೇಳುವಾಗ ನಿಲ್ಲಿಸದೆ ಕೇಳಿ, ಗಮನ ಚುರುಕಾದ ಜಾಗವನ್ನೂ ಜಾರಿದ ಜಾಗವನ್ನೂ ಕಾಗದದ ಮೇಲೆ ಗೀಚಿಕೊಳ್ಳಿ. ಎರಡನೆಯ ಬಾರಿ ಆ ಜಾಗಗಳಲ್ಲಿ ಏನಾಗುತ್ತಿದೆಯೆಂದು ನೋಡಿ.

ಉದಾಹರಣೆಗೆ, ನನ್ನ ವಿದ್ಯಾರ್ಥಿನಿಯೊಬ್ಬಳ ರೂಪಕ್ ತಾಳದ ಒಂದು ರಚನೆಗೆ ಸಹಪಾಠಿಯೊಬ್ಬ ಬರೆದ ಮಾತು ಹೀಗಿತ್ತು: ‘1.10ರಲ್ಲಿ ಕೊಳಲು ನಿಷಾದದ (‘ನಿ’ ಸ್ವರದ) ಮೇಲೆ ನಿಂತು ಷಡ್ಜಕ್ಕೆ ಬಾರದೆ ಉಳಿದದ್ದು ನನ್ನನ್ನು ಹಿಡಿದು ಕೂರಿಸಿತು. 2.40ರಿಂದ 3.50ರವರೆಗೆ ಅದೇ ನಾಲ್ಕು ಆವರ್ತನ ಏನೂ ಬದಲಾಗದೆ ಮರಳಿ ಮರಳಿ ಬಂದಾಗ ನನ್ನ ಮನಸ್ಸು ಬೇರೆಡೆ ಹೋಯಿತು. ಅಲ್ಲಿ ಏನನ್ನು ಉದ್ದೇಶಿಸಿದ್ದೆ?’ ಆಕೆಯ ಉತ್ತರ: ಕೇಳುವವರು ನಿಷಾದವನ್ನು ಮರೆಯಬಾರದೆಂದು ಕಾಯಿಸುವ ಉದ್ದೇಶವಿತ್ತು. ಹಾಗಿದ್ದರೆ ಆ ಕಾಯಿಸುವಿಕೆ ಸಾಗುತ್ತ ಏನಾದರೊಂದು ಬಿಗಿಯಾಗುತ್ತ ಹೋಗಬೇಕಲ್ಲವೇ ಎಂದು ಚರ್ಚೆಯಾಗಿ, ಆಕೆ ಆವರ್ತನಗಳನ್ನು ಕಡಿಮೆ ಮಾಡಲಿಲ್ಲ, ಬದಲಿಗೆ ಪ್ರತಿ ಸುತ್ತಿಗೆ ಒಂದೊಂದು ವಾದ್ಯವನ್ನು ತೆಗೆಯುತ್ತ ಬಂದಳು. ಕೊನೆಗೆ ತಾನ್ಪುರವೊಂದೇ ಉಳಿದಾಗ ಷಡ್ಜ ಬಂತು. ಇಂಥ ಪರಿಹಾರ ಆ ಸಹಪಾಠಿಗೂ ನನಗೂ ಹೊಳೆದಿರಲಿಲ್ಲ. ನಾವು ‘ಉದ್ದವಾಯಿತು, ಕತ್ತರಿಸು’ ಎಂದಿದ್ದರೆ ಅದು ಹುಟ್ಟುತ್ತಲೂ ಇರಲಿಲ್ಲ.

‘ಗುರುಗಳು ನಮ್ಮನ್ನು ಬೈದು ತಿದ್ದಿದ್ದರಿಂದಲೇ ನಾವು ಕಲಿತೆವು’ ಎಂಬ ಮಾತು ನಮ್ಮ ಭಾಗದಲ್ಲಿ ಬಹಳ ಕೇಳಿಬರುತ್ತದೆ, ನಿಮ್ಮ ಮನಸ್ಸಿನಲ್ಲೂ ಅದು ಇದ್ದೀತು. ಅದನ್ನು ಸುಳ್ಳೆನ್ನಲಾರೆ, ಆದರೆ ಅದು ನಡೆದದ್ದು ಬೇರೆಯೇ ಸಂದರ್ಭದಲ್ಲಿ. ಗುರು ತಿದ್ದುತ್ತಿದ್ದುದು ಪರಂಪರೆಯಿಂದ ಬಂದ ಬಂದಿಶನ್ನು (ರಾಗದಲ್ಲಿ ಕಟ್ಟಿದ ಸಿದ್ಧ ಹಾಡನ್ನು), ಗತ್ ಅನ್ನು. ಅದಕ್ಕೊಂದು ಸರಿಯಾದ ರೂಪ ಮೊದಲೇ ಇತ್ತು, ಅದು ಗುರುವಿನ ಕಂಠದಲ್ಲಿತ್ತು, ಬೈದ ಮರುಕ್ಷಣ ಅವರು ಅದನ್ನು ಹಾಡಿ ತೋರಿಸುತ್ತಿದ್ದರು. ಮರುದಿನ ಬೆಳಗ್ಗೆ ಶಿಷ್ಯ ಮತ್ತೆ ಅವರೆದುರೇ ಕೂರುತ್ತಿದ್ದ. ಹೊಸ ರಚನೆಗೆ ಹಾಗೆ ಮೊದಲೇ ಸಿದ್ಧವಾದ ಸರಿ ರೂಪ ಎಲ್ಲಿಯೂ ಇಲ್ಲ, ರಚಿಸುವವನ ಉದ್ದೇಶವೇ ಅದಕ್ಕೆ ಅಳತೆಗೋಲು. ಮುಖ ನೋಡದ, ನಾಳೆ ಸಿಗುವ ಖಾತ್ರಿಯಿಲ್ಲದ ಹಿರಿಯರೊಬ್ಬರು ಬರೆದ ‘ಸ್ವರಜ್ಞಾನ ಸಾಲದು’ ಎಂಬ ಸಾಲಿನ ಹಿಂದೆ ಗುರುವಿನ ವಾತ್ಸಲ್ಯವನ್ನು ಆ ಹುಡುಗ ಊಹಿಸಿಕೊಳ್ಳುವುದು ಹೇಗೆ?

ಇದಕ್ಕೆ ಸಂಶೋಧನೆಯ ಆಧಾರವೂ ಇದೆ. ಅವ್ರಹಾಮ್ ಕ್ಲೂಗರ್ ಮತ್ತು ಏಂಜೆಲೊ ಡಿನಿಸಿ ಎಂಬ ಸಂಶೋಧಕರು 1996ರಲ್ಲಿ ಅಭಿಪ್ರಾಯ ನೀಡುವಿಕೆಯ ಪರಿಣಾಮಗಳ ಬಗ್ಗೆ ಅಲ್ಲಿಯವರೆಗೆ ನಡೆದಿದ್ದ ಪ್ರಯೋಗಗಳನ್ನು ಒಟ್ಟುಗೂಡಿಸಿ 607 ಫಲಿತಾಂಶಗಳನ್ನು ಪರಿಶೀಲಿಸಿದರು. ಸರಾಸರಿಯಲ್ಲಿ ಅಭಿಪ್ರಾಯದಿಂದ ಕೆಲಸ ಸುಧಾರಿಸಿದ್ದು ನಿಜವಾದರೂ ಮೂರನೆಯ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಅದು ಹದಗೆಟ್ಟಿತ್ತು. ಗಮನ ಮಾಡುತ್ತಿರುವ ಕೆಲಸದಿಂದ ಸರಿದು ಮಾಡುವವನ ಯೋಗ್ಯತೆಯ ಕಡೆಗೆ ಹೊರಳಿದಷ್ಟೂ ಪ್ರಯೋಜನ ಕುಗ್ಗುತ್ತದೆಂಬುದು ಅವರ ವಿವರಣೆ. ಅದು ಹೊಗಳಿಕೆಗೂ ಅನ್ವಯಿಸುತ್ತದೆ. ‘ನೀನು ಹುಟ್ಟು ಪ್ರತಿಭಾವಂತ’ ಎಂಬ ಮಾತೂ ರಚನೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಟೀಕೆಯ ಹಿಂದೆ ಮುಂದೆ ಒಂದೊಂದು ಹೊಗಳಿಕೆ ಇಟ್ಟು ಹೇಳಿ ಎಂಬ ಜನಪ್ರಿಯ ಸಲಹೆಯನ್ನೂ ನಾನು ಇದೇ ಕಾರಣಕ್ಕೆ ಒಪ್ಪುವುದಿಲ್ಲ. ಎರಡನೆಯ ಬಾರಿಗೆ ಹುಡುಗರು ಹೊಗಳಿಕೆ ಬಂದೊಡನೆ ಮುಂದಿನ ಪೆಟ್ಟಿಗಾಗಿ ಮೈ ಬಿಗಿಹಿಡಿದು ಕೂರುತ್ತಾರೆ. ಚೆನ್ನಾಗಿದ್ದುದನ್ನು ಹೇಳಲೇಬೇಕು, ಆದರೆ ಅದು ಇಂಥ ಜಾಗದಲ್ಲಿ ಇಂಥದ್ದು ಎನ್ನುವಷ್ಟು ನಿಜವಾಗಿರಬೇಕು.

ಅರ್ಹತೆಯ ಪ್ರಶ್ನೆಗೆ ಅರ್ಧ ಉತ್ತರ ಆಗಲೇ ಬಂದಿದೆ. ಕಾರ್ಡ್‌ಗಳ ಶಾಸ್ತ್ರ ತಿಳಿಯದಿದ್ದರೆ ಆ ಶಾಸ್ತ್ರದ ಮೇಲೆ ತೀರ್ಪು ಕೊಡಬೇಡಿ; ‘3.20ರಲ್ಲಿ ಕೀಬೋರ್ಡ್ ಬದಲಾದಾಗ ಸಂಜೆ ಹೋಗಿ ಬೆಳಗಾದಂತೆ ನನಗೆ ಕೇಳಿಸಿತು’ ಎನ್ನಲು ಶಾಸ್ತ್ರ ಬೇಕಿಲ್ಲ. ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರ ಸುಮಾರಿಗೆ ರೂಪಿಸಿದ ಒಂದು ಕ್ರಮವಿದೆ: ಮೊದಲು ನೋಡಿದವರು ತಮಗೆ ತಟ್ಟಿದ್ದನ್ನು ಹೇಳುತ್ತಾರೆ, ಬಳಿಕ ಕಲಾವಿದರು ತಮಗೆ ಬೇಕಾದ ಪ್ರಶ್ನೆಗಳನ್ನು ಕೇಳುತ್ತಾರೆ, ಆಮೇಲೆ ನೋಡಿದವರು ತೀರ್ಪು ಬೆರೆಸದ ಪ್ರಶ್ನೆಗಳನ್ನು ಕೇಳುತ್ತಾರೆ, ಕೊನೆಯಲ್ಲಿ ಕಲಾವಿದರ ಒಪ್ಪಿಗೆ ಪಡೆದು ಅಭಿಪ್ರಾಯ ಹೇಳುತ್ತಾರೆ. ಬಿಡುವಿಲ್ಲದವರು ಇಡೀ ಕ್ರಮವನ್ನು ಪಾಲಿಸಬೇಕಿಲ್ಲ; ‘ಯಾವುದರ ಬಗ್ಗೆ ಅಭಿಪ್ರಾಯ ಬೇಕು?’ ಎಂಬ ಒಂದು ಪ್ರಶ್ನೆಯನ್ನು ಮೊದಲಿಗೆ ಕೇಳಿದರೂ ಬಹಳಷ್ಟು ನೋವು ತಪ್ಪುತ್ತದೆ. ಕೆಲವರಿಗೆ ರಚನೆಯ ಬಗ್ಗೆ ಕೇಳಬೇಕಿರುತ್ತದೆ, ಕೆಲವರಿಗೆ ಧ್ವನಿಗಳ ಸಮತೋಲನದ ಬಗ್ಗೆ. ತಾನು ಮೊದಲ ಬಾರಿಗೆ ಏನನ್ನೋ ಪೂರ್ತಿ ಮಾಡಿ ಮುಗಿಸಿದೆನೆಂಬ ಸಂತೋಷವನ್ನು ಹಂಚಿಕೊಳ್ಳುವುದಷ್ಟೇ ಬೇಕಿರುವವರೂ ಇದ್ದಾರೆ, ಅವರಿಗೆ ಅಂದು ತಿದ್ದುಪಡಿ ಬೇಡ.

ನಿಮ್ಮ ಮುಂದಿರುವ ದಾರಿಗಳನ್ನು ಈಗ ತೂಗಬಹುದು. ‘ಸೂಪರ್’ ಎಂದು ಸುಮ್ಮನಿರುವುದರಲ್ಲಿ ಯಾರಿಗೂ ನೋವಿಲ್ಲ, ಆದರೆ ನಿಮ್ಮಂಥ ಪಳಗಿದ ಕಿವಿಯೊಂದು ಆ ಮಕ್ಕಳಿಗೆ ಇಲ್ಲವಾಗುತ್ತದೆ; ಮುಂದೆ ನೀವು ಮನಸಾರೆ ಮೆಚ್ಚಿದಾಗಲೂ ಆ ಮೆಚ್ಚುಗೆಗೆ ಬೆಲೆ ಇರದು. ಕಂಡದ್ದನ್ನೆಲ್ಲ ಒಂದೇ ಪತ್ರದಲ್ಲಿ ಬರೆಯುವುದು ನಿಮಗೆ ಪ್ರಾಮಾಣಿಕತೆಯೆನಿಸಿದರೂ ಓದುವವನಿಗೆ ಯಾವುದರಿಂದ ಶುರು ಮಾಡಬೇಕೆಂದು ತಿಳಿಯದೆ ಎಲ್ಲವನ್ನೂ ಕೈಬಿಡುವ ಅಪಾಯವಿದೆ, ನಿಮ್ಮ ಅನುಭವವೇ ಇದಕ್ಕೆ ಸಾಕ್ಷಿ. ಒಂದು ಅಥವಾ ಎರಡು ಸಂಗತಿಗಳನ್ನು ಆರಿಸಿ ಹೇಳುವುದು ನಾನು ಕೊಡುವ ಸಲಹೆ. ಅದರಲ್ಲೂ ನಷ್ಟವಿದೆ, ನೀವು ಬಿಟ್ಟದ್ದೇ ಮುಖ್ಯವಾಗಿರಬಹುದು, ಆದರೆ ಮುಂದಿನ ರಚನೆಗೆ ಅದನ್ನು ಹೇಳಲು ಅವಕಾಶ ಉಳಿದಿರುತ್ತದೆ. ಎಲ್ಲರೆದುರು ಮೆಚ್ಚಿದ ಜಾಗವನ್ನು ಹೇಳಿ, ತೊಡಕಿನ ಜಾಗವನ್ನು ಆತನೊಬ್ಬನಿಗೇ ಬರೆಯುವುದು ಹೊಸಬರ ವಿಷಯದಲ್ಲಿ ಒಳ್ಳೆಯ ನಡೆ.

ನಮ್ಮ ಕಡೆ ಹಾರ್ಮೋನಿಯಂ ಎಳೆದುಕೊಂಡು ‘ಹೀಗೆ ಮಾಡಿ ನೋಡು’ ಎಂದು ನುಡಿಸಿ ಕಳಿಸುವ ರೂಢಿಯೂ ಇದೆ. ಮಾತಿಗಿಂತ ನಾದ ಬೇಗ ತಿಳಿಸುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಹಿರಿಯರು ನುಡಿಸಿ ಕಳಿಸಿದ್ದನ್ನು ಕಿರಿಯರು ಬಹುತೇಕ ಹಾಗೆಯೇ ಎತ್ತಿಕೊಳ್ಳುತ್ತಾರೆ, ಅಲ್ಲಿಗೆ ರಚನೆ ಅರ್ಧ ನಿಮ್ಮದಾಗಿ ಅವನ ಹುಡುಕಾಟ ನಿಂತುಬಿಡುತ್ತದೆ. ಆತನಾಗಿ ಕೇಳಿದರೆ ನುಡಿಸಿ, ಅದೂ ಒಂದರ ಬದಲು ಎರಡು ಮೂರು ಬೇರೆ ಬೇರೆ ರೀತಿಗಳಲ್ಲಿ.

ಇನ್ನು ಆ ಯುವಕ. ಅವನು ಅಳಿಸಿದ್ದು ನಿಮ್ಮ ಪತ್ರದಿಂದಲೇ ಇರಬಹುದು, ಬೇರೆ ಕಾರಣದಿಂದಲೂ ಇರಬಹುದು, ಕೇಳದೆ ತಿಳಿಯದು. ಉದ್ದನೆಯ ಸಮಜಾಯಿಷಿ ಬರೆಯಬೇಡಿ, ಬರೆದದ್ದನ್ನೆಲ್ಲ ಹಿಂತೆಗೆದುಕೊಂಡು ಈಗ ‘ಸೂಪರ್’ ಎನ್ನುವುದಂತೂ ಬೇಡವೇ ಬೇಡ. ಅವನೊಬ್ಬನಿಗೇ ನಾಲ್ಕು ಸಾಲು ಸಾಕು: ‘ಗಾಂಧಾರ ಏರಿದ್ದು ಆ್ಯಪ್‌ನ ಶ್ರುತಿಯಿಂದ, ಅದನ್ನು ನಿಮ್ಮ ಸ್ವರಜ್ಞಾನದ ಮೇಲೆ ಹಾಕಿದ್ದು ಸರಿಯಲ್ಲ. ರಾಗದ ಹೆಸರೂ ನಾನೇ ಇಟ್ಟದ್ದು. ನಿಮ್ಮ ರಚನೆಯ ಈ ಜಾಗ ನನಗೆ ಇನ್ನೂ ನೆನಪಿದೆ. ಕಡತ ಉಳಿದಿದ್ದರೆ ಇಯರ್‌ಫೋನಿನಲ್ಲಿ ಮತ್ತೊಮ್ಮೆ ಕೇಳಬೇಕೆಂದಿದೆ, ಯಾವುದರ ಬಗ್ಗೆ ಹೇಳಬೇಕೆಂದು ನೀವೇ ತಿಳಿಸಿ.’ ಮೂರನೆಯ ಸಾಲಿನಲ್ಲಿ ಬರೆಯಲು ನಿಜವಾಗಿಯೂ ನೆನಪಿರುವ ಜಾಗವೇ ಬೇಕು. ಹೊಳೆಯದಿದ್ದರೆ ಆ ಸಾಲನ್ನು ಬಿಟ್ಟುಬಿಡಿ. ಉತ್ತರ ಬರದಿದ್ದರೆ ಮತ್ತೆ ಒತ್ತಾಯಿಸಬೇಡಿ. ಮುಂದೊಂದು ದಿನ ಆತ ಹೊಸದೇನನ್ನಾದರೂ ಕಳಿಸಿದಾಗ ಸಮಯ ಗುರುತು ಹಾಕಿಕೊಂಡು ಕೇಳಿ ಬರೆಯಿರಿ.